ಚಿನ್ನಯ್ಯನಿಗೆ ಒಪ್ಪಿದ ಜಾಗ

ವ್ಯಾನು ಸರಿಯಾಗಿ ನಿಲ್ಲುವ ಮೊದಲೇ ಪೂವಮ್ಮ ಇಳಿದರು. ಅಂಗಳದಲ್ಲಿ ಮಲಗಿಸಿದ್ದ, ತೀರಿಹೋದ ತಮ್ಮ ಚಿನ್ನಯ್ಯನ ಹಣೆ ಸವರಿ ಅತ್ತರು. ಮತ್ತೆ ಕಣ್ಣೊರೆಸಿಕೊಂಡು, ಜೊತೆಗೆ ಬಂದ ಗಂಡಸರಿಗೆ ಹೇಳಿದರು: "ಎತ್ತಿ. ಬಿಸಿಲು ಏರುವ ಮೊದಲು ಬಂಟ್ವಾಳ ಮುಟ್ಟಬೇಕು."

ಗಂಡನ ತಲೆಯ ಬಳಿ ಕುಳಿತಿದ್ದ ಕಾಂತಿ ಏಳಲಿಲ್ಲ. "ಇಲ್ಲ ಅತ್ತಿಗೆ. ಅವರ ದಹನ ಇಲ್ಲೇ ಮಾಡುವುದು."

"ಇಲ್ಲಿ ಎಲ್ಲಿ? ಬಾಡಿಗೆ ಮನೆಯಲ್ಲಿಯಾ? ಬಂಟ್ವಾಳದಲ್ಲಿ ಅವನ ತಾಯಿಮನೆ ಉಂಟು. ಹೊಳೆಬದಿಯಲ್ಲಿ ಹಿರಿಯರನ್ನೆಲ್ಲ ಸುಟ್ಟ ಜಾಗ ಉಂಟು."

ಮನೆಯ ಧಣಿ ಅಬ್ದುಲ್ಲ ಬ್ಯಾರಿ ಅಂಗಳದ ತುದಿಯಿಂದ ಮೆಲ್ಲಗೆ ಹೇಳಿದರು: "ಹಿತ್ತಲು ಉಂಟಲ್ಲ ಅಕ್ಕ. ಹನ್ನೊಂದು ವರ್ಷ ಇದ್ದ ಮನುಷ್ಯ. ಎಲ್ಲಿ ಬೇಕಾದರೂ ಮಾಡಿ, ನನ್ನನ್ನು ಕೇಳುವುದು ಬೇಡ."

ಪೂವಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನದಲ್ಲಿ ಗಂಡಸು ಎಲ್ಲಿ ಬದುಕಿದರೂ ಕೊನೆಗೆ ತಾಯಿಮನೆಗೇ ಸೇರಿದವನು. ಆದರೆ ಆ ಮನೆಯಲ್ಲಿ ಕಾಂತಿ ಯಾವತ್ತೂ ನೆಂಟಳು. ಅಲ್ಲಿ ಸುಟ್ಟರೆ ಒಂದು ದೀಪ ಇಡಬೇಕಾದರೂ ಅವಳು ಬಸ್ಸು ಹತ್ತಿ ಹೋಗಿ ಇನ್ನೊಬ್ಬರ ಅಪ್ಪಣೆ ಕೇಳಬೇಕು.

"ಒಂದೇ ಮಾತು ಹೇಳು" ಎಂದರು ಪೂವಮ್ಮ. "ಈ ಮೂಡುಬಿದಿರೆಯ ಜಾಗ ನನಗೆ ಸಾಕು ಅಂತ ಅವನು ಒಂದು ದಿನವಾದರೂ ಹೇಳಿದ್ದಾನಾ? ಹೇಳಿದ್ದರೆ ನಾನು ಬಂದ ಹಾಗೇ ಹೋಗ್ತೇನೆ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಕಾಂತಿಯ ಬಾಯಿಗೆ ಸುಳ್ಳು ಬರಲಿಲ್ಲ.

*

ಚಿನ್ನಯ್ಯ ಬಸ್ಸಿನ ಕಂಡಕ್ಟರ್. ೧೯೫೪ರಲ್ಲಿ ಮದುವೆಯಾದಾಗ "ಆರು ತಿಂಗಳು ಬಾಡಿಗೆ, ಆಮೇಲೆ ನಮ್ಮದೇ" ಎಂದು ಈ ಮನೆಗೆ ಬಂದವನು. ರಜೆ ಸಿಕ್ಕಿದಾಗಲೆಲ್ಲ ಹೆಂಡತಿಯನ್ನು ಕರೆದುಕೊಂಡು ಜಾಗ ನೋಡಲು ಹೊರಡುತ್ತಿದ್ದ. ಬಂಟ್ವಾಳದ ಹೊಳೆಬದಿಯ ಮಣ್ಣು ಮುಷ್ಟಿಯಲ್ಲಿ ಹಿಡಿದು "ಬೆಣ್ಣೆ, ಕಾಂತಿ, ಬೆಣ್ಣೆ" ಎಂದ. ಪಕ್ಕದ ಮನೆಯ ಗೋಡೆಯ ಮೇಲೆ ಎದೆಮಟ್ಟದಲ್ಲಿ ನೆರೆನೀರು ನಿಂತ ಗೆರೆ ಕಂಡದ್ದೇ ತಡ, ಮುಂದಿನ ಬಸ್ಸು ಹಿಡಿದ. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ತೋಡು ಬೇಸಿಗೆಯಲ್ಲೂ ಹರಿಯುವುದನ್ನು ನೋಡುತ್ತ ಅರ್ಧ ದಿನ ಕುಳಿತ. "ಆದರೆ ಇಷ್ಟು ತಡವಾಗಿ ಬಿಸಿಲು ಬೀಳುವ ಊರಿನಲ್ಲಿ ಬಟ್ಟೆ ಒಣಗುವುದು ಯಾವಾಗ ಮಾರಾಯ್ತಿ?" ಮೂಡುಬಿದಿರೆಯ ಗುಡ್ಡೆಯಲ್ಲಿ ಗಾಳಿಯೇನೋ ಚೆಂದ, ಬಾವಿ ತೋಡಿದರೆ ಬರೇ ಮುರಕಲ್ಲು.

"ಹಾಗಾದರೆ ಎಲ್ಲಿ?" ಎಂದು ಅವಳು ಒಮ್ಮೆ ರೇಗಿದಳು.

"ಬಂಟ್ವಾಳದ ಮಣ್ಣು, ಬೆಳ್ತಂಗಡಿಯ ತೋಡಿನ ನೀರು, ನಮ್ಮ ಗುಡ್ಡೆಯ ಗಾಳಿ ಒಟ್ಟಿಗೆ ಇರುವಲ್ಲಿ. ಸಿಗ್ತದೆ. ಬರುವ ವರ್ಷ ನೋಡುವ."

ಬರುವ ವರ್ಷ ಬರುತ್ತಲೇ ಇತ್ತು. ಸಿಟ್ಟು ಹೋಗಿ ಅವಳಿಗೆ ಆ ತಿರುಗಾಟವೇ ಇಷ್ಟವಾಯಿತು. ಬುತ್ತಿ ಕಟ್ಟಿಕೊಂಡು ಹೋಗಿ ಯಾರದೋ ಜಾಗದ ಮರದಡಿ ಕುಳಿತು ಅಷ್ಟು ಸಲ ಉಂಡ ಗಂಡ ಹೆಂಡತಿ ಆ ಸುತ್ತಿನಲ್ಲಿ ಬೇರೆ ಇರಲಿಕ್ಕಿಲ್ಲ.

*

"ಹೇಳಲಿಲ್ಲ" ಎಂದಳು ಕಾಂತಿ. "ಯಾವ ಜಾಗವನ್ನೂ ಒಪ್ಪಲಿಲ್ಲ. ನಿಮ್ಮ ಬಂಟ್ವಾಳವನ್ನೂ. ಮಳೆ ಜೋರಾದರೆ ಅಕ್ಕನ ಅಂಗಳಕ್ಕೆ ಹೊಳೆ ಬಂತೋ ಏನೋ ಅಂತ ನಿದ್ದೆ ಮಾಡ್ತಿರಲಿಲ್ಲ. ಒಪ್ಪದ ಜಾಗದಲ್ಲೇ ಹನ್ನೊಂದು ವರ್ಷ ನನ್ನ ಜೊತೆ ಇದ್ದರು ಅತ್ತಿಗೆ. ಇನ್ನೂ ಇರಲಿ."

ಪೂವಮ್ಮ ಜಗಲಿಯಲ್ಲಿ ಕುಳಿತುಬಿಟ್ಟರು. ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಅಷ್ಟೇ ಸಾಕೆಂದು ಚಿನ್ನಯ್ಯನ ಬಸ್ಸಿನ ಡ್ರೈವರ್ ಭೋಜ ಚಿತೆಯ ಗುಂಡಿ ತೋಡಲು ಪಿಕ್ಕಾಸು ಹಿಡಿದು ಹಿತ್ತಲಿಗೆ ನಡೆದ. ಅಲ್ಲಿ ಹೊಸ ತಕರಾರು. "ಇಲ್ಲಿ ಅಡಿಯಲ್ಲಿ ಕಲ್ಲು" ಎಂದ ಭೋಜ. "ಅಲ್ಲಿ ಬಾವಿ ಹತ್ತಿರ ಆಯ್ತು" ಎಂದ ನೆರೆಮನೆಯವನು. "ಆಚೆ ಮಾಡಿದರೆ ಹೊಗೆಯೆಲ್ಲ ಮನೆಯೊಳಗೆ ಬರ್ತದೆ." "ಗೇರುಮರದ ಬುಡ ಆಗಬಹುದಿತ್ತು, ಆದರೆ ಇಳಿಜಾರು ಮಾರಾಯ." ಅಬ್ದುಲ್ಲ ಬ್ಯಾರಿಯೂ ಸೇರಿಕೊಂಡು ಮೂಲೆ ಮೂಲೆ ನೋಡಿ ಬಂದರು. ಅರ್ಧ ಗಂಟೆಯಾದರೂ ಒಂದು ಹಿಡಿ ಮಣ್ಣು ಎದ್ದಿರಲಿಲ್ಲ. ಚಿನ್ನಯ್ಯ ಕೇಳಿಸಿಕೊಂಡಿದ್ದರೆ ತಾನೂ ಎರಡು ತಕರಾರು ಸೇರಿಸುತ್ತಿದ್ದ.

ಕಾಂತಿ ಎದ್ದು ಬಂದಳು. ಗಂಡಸರ ನಡುವೆ ಹಾದು, ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆದು, ಹಿತ್ತಲಿನ ನಡುವೆ ನಿಂತಳು. "ಇಲ್ಲಿ."

"ಅದು ಗಟ್ಟಿ ಕಲ್ಲು ಅಕ್ಕ" ಎಂದ ಭೋಜ.

ಅವಳು ಕದಲಲಿಲ್ಲ. ಆಗ ಪೂವಮ್ಮ ಜಗಲಿಯಿಂದ ಎದ್ದು ಬಂದು, ಕೊಡೆ ಬಿಡಿಸಿ ಕಾಂತಿಯ ತಲೆಯ ಮೇಲೆ ಹಿಡಿದು, ಪಕ್ಕದಲ್ಲೇ ನಿಂತರು. ಭೋಜ ಪಿಕ್ಕಾಸಿನ ಮೊನೆಯಿಂದ ಅವರಿಬ್ಬರ ಪಾದಗಳ ಸುತ್ತ ಗೆರೆ ಎಳೆಯತೊಡಗಿದ.