ಕೆಂಚಿಯ ಗೋಣಿಚೀಲ

ಬೇಸಿಗೆ ಶುರುವಾದರೆ ನಾಯಿ ಸಾಕಿದ ಮನೆಗಳಲ್ಲೆಲ್ಲ ಒಂದೇ ಗೋಳು. ನಾಯಿ ಕೂತಲ್ಲಿ ನಿಂತಲ್ಲಿ ಕೆರೆದುಕೊಳ್ಳುತ್ತದೆ. ಕಿವಿ ಎತ್ತಿ ನೋಡಿದರೆ ಒಳಗೆ ಉಣ್ಣೆಹುಳಗಳು ರಕ್ತ ಕುಡಿದು ಹರಳು ಬೀಜದ ಹಾಗೆ ಊದಿಕೊಂಡು ಕೂತಿರುತ್ತವೆ. ನಾಯಿ ಅಂದಮೇಲೆ ಉಣ್ಣೆ ಇರದೆ ಇನ್ನೇನು ಎಂದು ನಾವು ಸುಮ್ಮನಾಗುತ್ತೇವೆ. ನಾನೂ ಹಾಗೆ ಸುಮ್ಮನಾದವಳೇ. ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ತಪ್ಪು ಮಾಡಿದವಳೇ ಬಾಯಿಬಿಟ್ಟು ಹೇಳಿದರೆ ನಾಲ್ಕು ಜನ ಕೇಳಿಯಾರು ಎಂಬ ಆಸೆಯಿಂದ ಇದನ್ನು ಹೇಳುತ್ತಿದ್ದೇನೆ.

ನನ್ನ ಹೆಸರು ಶಕುಂತಲಮ್ಮ. ನಮ್ಮದು ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಯ ಒಂದು ಸಣ್ಣ ಊರು. ಮನೆಯಲ್ಲಿ ನಾನು, ನಮ್ಮ ಯಜಮಾನರು ದೊಡ್ಡವೆಂಕಟಪ್ಪ, ಸೊಸೆ ಅನಿತ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ. ಒಂದು ಎಕರೆ ಹಿಪ್ಪುನೇರಳೆ ತೋಟವಿದೆ. ಮನೆಯ ಹಿಂದೆಯೇ ರೇಷ್ಮೆ ಹುಳ ಸಾಕುವ ಹುಳದ ಮನೆ. ಅದರ ಬಾಗಿಲ ಪಕ್ಕ, ಗೋಡೆಗೆ ಒತ್ತಿ ಹಾಸಿದ ಗೋಣಿಚೀಲವೇ ನಮ್ಮ ನಾಯಿ ಕೆಂಚಿಯ ಜಾಗ.

ರೇಷ್ಮೆ ಹುಳಕ್ಕೆ ಇಲಿ ಬಿದ್ದರೆ ಒಂದೇ ರಾತ್ರಿಯಲ್ಲಿ ತಟ್ಟೆಗಟ್ಟಲೆ ಖಾಲಿಯಾಗುತ್ತದೆ. ಕೆಂಚಿ ಇದ್ದ ಆರು ವರ್ಷ ಇಲಿ, ಅಳಿಲು ಆ ಬಾಗಿಲ ಕಡೆ ತಲೆ ಹಾಕಲಿಲ್ಲ. ಅವಳೂ ಹೊಸ್ತಿಲು ದಾಟಿ ಒಳಗೆ ಒಂದು ಕಾಲಿಡಲಿಲ್ಲ. ಯಾರೂ ಕಲಿಸಿದ್ದಲ್ಲ, ಅವಳೇ ಅರ್ಥ ಮಾಡಿಕೊಂಡಿದ್ದಳು.

ಇನ್ನು ನನ್ನ ಭಯದ ಮಾತು. ಹುಳ ಸಾಕುವವರಿಗೆ ಔಷಧಿ ಎಂದರೆ ಎದೆ ನಡುಗುತ್ತದೆ. ಎರಡು ವರ್ಷದ ಹಿಂದೆ ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದರು. ಗಾಳಿ ನಮ್ಮ ಕಡೆ ತಿರುಗಿತು. ಔಷಧಿ ಬಿದ್ದ ಸೊಪ್ಪು ತಿಂದ ಹುಳಗಳೆಲ್ಲ ಹಸಿರು ಕಕ್ಕಿಕೊಂಡು ಒದ್ದಾಡಿ ಸತ್ತವು. ಅವತ್ತಿನಿಂದ ನಮ್ಮ ಮನೆಯಲ್ಲಿ ಸೊಳ್ಳೆ ಬತ್ತಿಯನ್ನೂ ಹಚ್ಚುವುದಿಲ್ಲ.

ಯುಗಾದಿ ಮುಗಿದ ವಾರ ಅನಿತ ಕೆಂಚಿಯ ಕಿವಿ ಹಿಡಿದುಕೊಂಡು ಕರೆದಳು. ಕೆಂಚಿಯ ಪುಟ್ಟ ಮರಿ ಪಕ್ಕದಲ್ಲೇ ಆಡುತ್ತಿತ್ತು.

"ಅತ್ತೆ, ಇಲ್ಲಿ ನೋಡಿ. ಕಾಲ್ಬೆರಳ ಸಂದೀಲೂ ಉಣ್ಣೆ ಕಚ್ಕೊಂಡಿದಾವೆ. ಮೆಡಿಕಲ್ ಅಂಗ್ಡೀಲಿ ಸ್ಪ್ರೇ ಸಿಗ್ತದಂತೆ, ತರ್ಸೋಣ್ವಾ?"

"ಹುಳ ಇರೋ ಮನೇಲಿ ಸ್ಪ್ರೇ ಮಾತಾಡ್ತೀಯಲ್ಲ, ತಲೆ ಐತಾ ನಿಂಗೆ?"

"ಹಂಗಾದ್ರೆ ಡಾಕ್ಟ್ರನ್ನಾದ್ರೂ ಕೇಳೋಣ."

"ಈ ಬೆಳೆ ಒಂದು ಮುಗೀಲಿ, ಆಮೇಲೆ ನೋಡೋಣ" ಎಂದೆ.

ವರ್ಷಕ್ಕೆ ಎಂಟು ಬೆಳೆ ತೆಗೆಯುವ ಮನೆಯಲ್ಲಿ ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ಒಂದು ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂದಿರುತ್ತದೆ. ಪುರಸೊತ್ತಾದಾಗ ನಾನೇ ಉಗುರಿನಲ್ಲಿ ಉಣ್ಣೆ ಕಿತ್ತು, ಕಲ್ಲಿನ ಮೇಲೆ ಹಾಕಿ ಚಪ್ಪಲಿಯಲ್ಲಿ ತಿಕ್ಕುತ್ತಿದ್ದೆ. ಕೆಲವನ್ನು ಹಾಗೇ ಗೋಡೆಯ ಕಡೆ ಎಸೆಯುತ್ತಿದ್ದೆ. ದೊಡ್ಡ ಉಪಕಾರ ಮಾಡಿದೆ ಎಂದು ಬೇರೆ ಅಂದುಕೊಳ್ಳುತ್ತಿದ್ದೆ.

ನಮ್ಮ ಊರಿನಲ್ಲಿ ಮಮತ ಎಂಬ ಹೆಣ್ಣುಮಗಳು ಪಶುಸಖಿ. ಮನೆ ಮನೆಗೆ ಬಂದು ಹಸು, ಕುರಿಗಳ ಆರೋಗ್ಯ ವಿಚಾರಿಸುತ್ತಾಳೆ. ಒಂದು ದಿನ ಹಸು ನೋಡಲು ಬಂದವಳು ಕೆಂಚಿಯ ಮೈ ತಡವಿ ಮುಖ ಸಣ್ಣದು ಮಾಡಿಕೊಂಡಳು.

"ದೊಡ್ಡಮ್ಮ, ಇದು ಬರೀ ತುರಿಕೆ ಅಲ್ಲ. ಉಣ್ಣೆ ಕಚ್ಚಿದ್ರೆ ರಕ್ತಕ್ಕೆ ರೋಗ ಹೋಗ್ತದೆ. ಉಣ್ಣೆ ಜ್ವರ ಅಂತಾರೆ. ತಡ ಮಾಡಿದ್ರೆ ನಾಯಿ ಉಳಿಯಲ್ಲ."

"ಹಸು ನೋಡೋಕೆ ಬಂದೋಳು ಹಸು ನೋಡ್ಕೊಂಡು ಹೋಗವ್ವ" ಎಂದೆ ನಾನು.

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದೆ. ಈಗ ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹುಳ ಕೊನೆಯ ಹಂತಕ್ಕೆ ಬಂದಿತ್ತು. ಆಗ ಅವುಗಳ ಹಸಿವಿಗೆ ಮಿತಿಯಿಲ್ಲ, ಸೊಪ್ಪು ಕಡಿದು ಹಾಕಿ ಹಾಕಿ ನಮ್ಮ ಸೊಂಟ ಬಿದ್ದುಹೋಗುತ್ತದೆ. ಅದೇ ಹೊತ್ತಿನಲ್ಲಿ ಕೆಂಚಿ ಮುದ್ದೆ ಬಿಟ್ಟಳು. ಬಿಸಿಲಿಗೆ ಹಾಗಾಗಿದೆ ಎಂದರು ಯಜಮಾನರು. ಮಾರನೆಯ ದಿನ ಹೆಗ್ಗಣವೊಂದು ಅವಳ ಮುಂದೆಯೇ ಹಾದುಹೋಯಿತು. ಕೆಂಚಿ ತಲೆ ಎತ್ತಿದಳು, ಏಳಲಿಲ್ಲ. ಅನಿತ ಅವಳ ತುಟಿ ಸರಿಸಿ ನೋಡಿದಳು. ವಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಅತ್ತೆ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಆಟೋಗೆ ಹೇಳ್ಲಾ?"

"ನೀನು ಹೋದ್ರೆ ಸೊಪ್ಪು ಕಡಿಯೋರ್ಯಾರು? ಎರಡು ದಿನದಾಗೆ ಹುಳ ಹಣ್ಣಾಗ್ತವೆ. ಚಂದ್ರಿಕೆಗೆ ಹಾಕಿದ್ಮೇಲೆ ಹೋದ್ರಾಯ್ತು."

ಹುಳ ಹಣ್ಣಾದವು. ಗೂಡು ಕಟ್ಟಲೆಂದು ಅವುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟು, ಕೈ ತೊಳೆದು, ಕೆಂಚಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿದರು, ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಕೊನೆಗೆ ನನ್ನ ಕಡೆ ನೋಡಿ, "ಎರಡು ದಿನ ಮೊದಲೇ ಬಂದಿದ್ರೆ ಉಳಿಸ್ಕೋಬೋದಿತ್ತೇನಮ್ಮ. ಈಗ ಹೇಳೋಕಾಗಲ್ಲ" ಎಂದರು.

ಮನೆಗೆ ಕರೆತಂದು ಪಡಸಾಲೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಮಲಗಿಸಿದೆವು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿರಲಿಲ್ಲ. ಹಿತ್ತಲಿಗೆ ತೆವಳಿಕೊಂಡು ಹೋಗಿ, ಹುಳದ ಮನೆಯ ಬಾಗಿಲಲ್ಲಿ ಆ ಗೋಣಿಚೀಲದ ಮೇಲೆ ಮಲಗಿದ್ದಳು. ಮೈ ತಣ್ಣಗಾಗಿತ್ತು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ. ಹುಳ ಕಾಯುತ್ತಿದ್ದವಳನ್ನು ಹುಳದ ನೆಪ ಹೇಳಿ ಕಳೆದುಕೊಂಡಿದ್ದೆ.

ಆ ಸಲ ಗೂಡು ಚೆನ್ನಾಗಿ ಬಂತು. ಎಲ್ಲರೂ ಹೊಗಳಿದರು. ನನಗೆ ಅದನ್ನು ಮುಟ್ಟುವುದಕ್ಕೂ ಮನಸ್ಸಾಗಲಿಲ್ಲ.

ಕೆಂಚಿಯ ಮರಿಗೆ ಆಗ ಮೂರು ತಿಂಗಳು. ಗೂಡು ಮಾರುಕಟ್ಟೆಗೆ ಹೋದ ಮೇಲೆ, ಪ್ರತಿ ಸಲದಂತೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಸುಣ್ಣ ಬಳಿಯುತ್ತಿದ್ದೆವು. ವಿಷಯ ತಿಳಿದು ಮಮತ ಬಂದಳು. ಒಂದು ಕೊಂಕು ಮಾತು ಆಡಲಿಲ್ಲ. ಗೋಣಿಚೀಲದ ಮೇಲೆ ಮಲಗಿದ್ದ ಮರಿಯನ್ನು ಎತ್ತಿಕೊಂಡು, ಚೀಲದ ತುದಿ ಮಗುಚಿದಳು.

"ದೊಡ್ಡಮ್ಮ, ಇದನ್ನ ಯಾವತ್ತು ಒಗೆದಿದ್ರಿ?"

ಚೀಲದ ಅಡಿಯಲ್ಲಿ, ಗೋಡೆಯ ಬಿರುಕಿನಲ್ಲಿ ಉಣ್ಣೆಗಳು ಗುಂಪು ಗುಂಪಾಗಿ ಹರಿದಾಡುತ್ತಿದ್ದವು. ವರ್ಷಕ್ಕೆ ಎಂಟು ಸಲ ಹುಳದ ಮನೆಯ ಮೂಲೆ ಮೂಲೆ ತೊಳೆದವಳು ನಾನು. ಬಾಗಿಲಿಂದ ಎರಡು ಹೆಜ್ಜೆ ಆಚೆಗಿದ್ದ ಆ ಚೀಲವನ್ನು ಒಂದು ಸಲವೂ ಬಿಸಿನೀರಿಗೆ ಹಾಕಿರಲಿಲ್ಲ.

"ಒಂದು ಹೆಣ್ಣುಣ್ಣೆ ಇಂಥ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡ್ತದೆ. ಮೈಮೇಲಿಂದ ಕಿತ್ರೆ ಸಾಲದು, ಜಾಗಾನೂ ಚೊಕ್ಕ ಆಗ್ಬೇಕು. ಈ ಮರಿ ಕಿವೀಲೂ ಆಗ್ಲೇ ಸೇರ್ಕೊಂಡಿದಾವೆ. ಡಾಕ್ಟ್ರಿಗೆ ತೋರ್ಸಿ, ತೂಕ ನೋಡಿ ಮಾತ್ರೆ ಬರ್ಕೊಡ್ತಾರೆ" ಎಂದಳು ಮಮತ.

ಯಜಮಾನರು ಸುಣ್ಣದ ಬ್ರಷ್ ಕೆಳಗಿಟ್ಟರು. "ಮಾತ್ರೆ ಅಂದ್ರೂ ವಿಷಾನೇ ಅಲ್ವೇನವ್ವ? ನಾಡಿದ್ದು ಮರಿಹುಳ ಬರ್ತವೆ. ಅವಕ್ಕೆ ಏನಾದ್ರೂ ಆದ್ರೆ?"

"ನಿಮ್ಮ ಭಯ ಸುಳ್ಳಲ್ಲ ದೊಡ್ಡಪ್ಪ. ಸ್ಪ್ರೇ, ಪೌಡರು, ಮೈಗೆ ಹಚ್ಚೋ ಔಷಧಿ, ಕೊರಳಿಗೆ ಕಟ್ಟೋ ಔಷಧಿ ಪಟ್ಟಿ, ಇವೆಲ್ಲ ಹುಳದ ಮನೆ ಹತ್ರ ಬೇಡವೇ ಬೇಡ. ಮಾತ್ರೆ ನಾಯಿ ಹೊಟ್ಟೆಗೆ ಹೋಗ್ತದೆ, ಗಾಳಿಗೆ ಬರಲ್ಲ. ನಮ್ಮನೇಲಿ ರೇಷ್ಮೆ ಹುಳ ಇದಾವೆ ಅಂತ ಡಾಕ್ಟ್ರಿಗೆ ಮೊದ್ಲೇ ಹೇಳಿ, ಅದಕ್ಕೆ ತಕ್ಕಂತೆ ಕೊಡ್ತಾರೆ. ನಾಯಿ ಮುಟ್ಟಿದ ಕೈ ಸೋಪಲ್ಲಿ ತೊಳ್ಕೊಂಡೇ ಸೊಪ್ಪು ಮುಟ್ಟಿ. ಅಷ್ಟು ಮಾಡಿದ್ರೆ ಆಯ್ತು."

ಯಜಮಾನರು ಇನ್ನೂ ಅನುಮಾನದಲ್ಲೇ ನಿಂತಿದ್ದರು. "ಈ ಬೆಳೆ ಒಂದು ಮುಗೀಲಿ" ಎಂದರು.

ಅದು ನನ್ನದೇ ಮಾತು.

"ಆ ಮಾತು ಇನ್ನು ಈ ಮನೇಲಿ ಬೇಡ" ಎಂದೆ. "ಕೆಂಚೀನ ಮಣ್ಣು ಮಾಡಿದ್ದು ಆ ಮಾತೇ. ಅನಿತ, ಆಟೋಗೆ ಹೇಳು."

ಯಜಮಾನರೇ ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟರು.

ಡಾಕ್ಟರು ಮರಿಯ ತೂಕ ನೋಡಿ ಮಾತ್ರೆ ಕೊಟ್ಟರು. ಆಸ್ಪತ್ರೆಯಿಂದ ಬಂದ ಮೇಲೆ ಉಣ್ಣೆ ಕೀಳುವ ಕ್ರಮವನ್ನು ಮಮತ ನನಗೆ ತೋರಿಸಿದಳು. ಮುಳ್ಳು ಕೀಳುವ ಚಿಮಟದಿಂದ ಉಣ್ಣೆಯ ತಲೆಯನ್ನು ಚರ್ಮಕ್ಕೆ ಅಂಟಿದ ಹಾಗೆ ಹಿಡಿಯಬೇಕು. ತಿರುಚದೆ, ಥಟ್ಟನೆ ಜಗ್ಗದೆ, ನೆಟ್ಟಗೆ ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೀಡಿ ತಾಗಿಸುವುದು, ಹೊಲದ ಔಷಧಿ ಬಳಿಯುವುದು, ಯಾವುದೂ ಕೂಡದು. ಕಿತ್ತದ್ದನ್ನು ಬೆರಳಲ್ಲಿ ಹಿಸುಕಬಾರದು, ಅದರ ಹೊಟ್ಟೆಯ ರಕ್ತದಲ್ಲಿ ರೋಗ ಇರಬಹುದು. ಮುಚ್ಚಳವಿರುವ ಬಾಟಲಿಯಲ್ಲಿ ಸ್ಪಿರಿಟ್ ಇಟ್ಟುಕೊಂಡು ಅದರೊಳಗೆ ಹಾಕಬೇಕು. ಗೋಣಿಚೀಲವನ್ನು ಅವತ್ತೇ ಸುಟ್ಟೆವು. ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿದೆವು. ಈಗ ಮರಿಗೆ ಹಳೆಯ ಸೀರೆಯ ಹಾಸಿಗೆ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತೇನೆ.

ಆಮೇಲೆ ಎರಡು ಬೆಳೆ ತೆಗೆದೆವು. ಒಂದು ಹುಳಕ್ಕೂ ಏನೂ ಆಗಲಿಲ್ಲ. ಮರಿ ಬೆಳೆದು ಹುಳದ ಮನೆಯ ಬಾಗಿಲಲ್ಲಿ, ಅಮ್ಮ ಮಲಗುತ್ತಿದ್ದ ಕಡೆಯೇ ಮಲಗುತ್ತದೆ. ನೋಡಿದಾಗಲೆಲ್ಲ ಸಂತೋಷವಾಗುತ್ತದೆ, ಅದರ ಬೆನ್ನಿಗೇ ದುಃಖವೂ ಬರುತ್ತದೆ. ಇಷ್ಟು ಸುಲಭದ ಕೆಲಸವನ್ನು ಕೆಂಚಿಗೆ ಮಾಡಲಿಲ್ಲವಲ್ಲ ಎಂಬುದು ನನ್ನ ಜೊತೆಯೇ ಹೋಗುವ ಸಂಕಟ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾವುದೋ ಬೆಳೆ, ಯಾವುದೋ ಕೆಲಸ ಇದ್ದೇ ಇರುತ್ತದೆ. ಅದು ಮುಗಿಯಲಿ ಎಂದು ಕಾಯಬೇಡಿ. ನಾಯಿ ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ, ಉಚ್ಚೆಯ ಬಣ್ಣ ಕಪ್ಪಾದರೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಯವರೆಗೂ ಬಿಡದೆ, ಇವತ್ತು ಸಂಜೆ ಅದು ಬಂದು ನಿಮ್ಮ ಕಾಲ ಹತ್ತಿರ ಮಲಗಿದಾಗ ಕಿವಿ ಎತ್ತಿ ನೋಡಿ, ಬೆರಳ ಸಂದು ಬಿಡಿಸಿ ನೋಡಿ, ಬಾಲದ ಬುಡ ತಡವಿ ನೋಡಿ. ಆಮೇಲೆ ಅದು ಮಲಗುವ ಚೀಲವನ್ನು ಒಮ್ಮೆ ಮಗುಚಿ ನೋಡಿ. ನಾನು ಆರು ವರ್ಷ ಒಮ್ಮೆಯೂ ಮಾಡದ ಕೆಲಸ ಅದು.