ಹಳದಿ ಸಾಲುಗಳು

ಮಧ್ಯಾಹ್ನ ಎರಡೂವರೆಗೆ ಅಂಜನಪ್ಪನ ಫೋನು ಬಂದಾಗ ಪವಿತ್ರ ಕಂಪ್ಯೂಟರಿನ ಮುಂದೆ ಕೂತು ಅದೇ ಕೆಂಪು ಸಾಲನ್ನು ನಾಲ್ಕನೆಯ ಸಲ ನೋಡುತ್ತಿದ್ದಳು. ಅಂಜನಪ್ಪನದು ಕಾಡಂಚಿನ ಹೊಲ. ಆನೆ ಕಂಡರೆ ಅವನು ಮೊದಲು ಹೇಳುವುದು ಇವಳಿಗೆ.

"ಏಳು ಅವೆ ಕಣಮ್ಮಿ, ಜೊತೇಲಿ ಒಂದು ಮರಿ. ತಳಿ ರಸ್ತೆ ಪಕ್ಕದ ಬಿದಿರು ಮೆಳೆ ತಾವ ನಿಂತವೆ. ಹೊತ್ತು ಮುಳುಗೋ ಹೊತ್ಗೆ ದಾಟ್ತವೆ. ಹಾಕ್ಬುಡು."

"ಹಾಕ್ತೀನಿ ಮಾವ," ಎಂದಳು. ಹೇಗೆ ಹಾಕುವುದೆಂದು ಅವಳಿಗೇ ಗೊತ್ತಿರಲಿಲ್ಲ.

ತಮಿಳುನಾಡಿನ ಗಡಿಯಂಚಿನ ಜವಳಗಿರಿಯ ಸುತ್ತ ಆನೆ ಎಲ್ಲಿ ಕಂಡಿತು ಎಂಬುದನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ತೋರಿಸುವ ಒಂದು ವೆಬ್ ಪುಟವಿದೆ. ಮಾಡಿದವನು ಇದೇ ಊರಿನ ಚಲಪತಿ. ಅವನು ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಮನೆ ಮಾಡಿ ಅಲ್ಲಿಯ ಕಾರ್ಖಾನೆಗೆ ಸೇರಿದ ಮೇಲೆ ಪುಟವೂ, ಶಾಲೆಯವರು ಬೇಡವೆಂದು ಕೊಟ್ಟಿದ್ದ ಹಳೆಯ ಕಂಪ್ಯೂಟರೂ ಪವಿತ್ರಳ ಪಾಲಿಗೆ ಬಂದವು. ಯಾರಾದರೂ ಫೋನು ಮಾಡಿದರೆ ಅವಳು ಬರೆದು ಹಾಕುತ್ತಾಳೆ. ಕಂಪ್ಯೂಟರು ಇಡೀ ಪುಟವನ್ನು ಹೊಸದಾಗಿ ಕಟ್ಟಿ ಮೇಲಕ್ಕೆ, ಅಂದರೆ ಇಂಟರ್ನೆಟ್ಟಿಗೆ, ಕಳಿಸುತ್ತದೆ. ಕಟ್ಟಲು ಆಗದಿದ್ದರೆ ಹಿಂದಿನದೇ ಉಳಿಯುತ್ತದೆ.

ಈಗ ಉಳಿದಿದ್ದದ್ದು ನಿನ್ನೆಯದು. ನಿನ್ನೆಯ ಪುಟದಲ್ಲಿ ಹಸಿರು ಬಣ್ಣದಲ್ಲಿ ಇದ್ದದ್ದು: ತಳಿ ರಸ್ತೆ, ಆನೆ ಇಲ್ಲ.

ಅವಳ ಅಣ್ಣ ಕುಮಾರೇಶ ಹೊಸೂರಿನ ಕಾರ್ಖಾನೆಯಿಂದ ಐದಕ್ಕೆ ಬೈಕು ಹತ್ತುತ್ತಾನೆ. ಆರಕ್ಕೆ ಹತ್ತು ನಿಮಿಷ ಇರುವಾಗ ದಾರಿಯಲ್ಲಿ ಸಿಗುವ ತಳಿ ಊರಿನ ಟೀ ಅಂಗಡಿಯಲ್ಲಿ ನಿಂತು ಪುಟ ನೋಡುತ್ತಾನೆ. ಹಸಿರು ಇದ್ದರೆ ಕಾಡುದಾರಿಗೆ ಇಳಿಯುತ್ತಾನೆ. ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಬೈಕಿನ ಮೇಲೆ ಅವನು ಫೋನು ಎತ್ತುವುದಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ ಹಾಕೋಣವೆಂದರೆ, ದಿನಕ್ಕೆ ನೂರು ಶುಭೋದಯ ನೋಡಲಾರೆ ಎಂದು ಅವನು ಅದರಿಂದ ಹೊರಬಂದು ಆರು ತಿಂಗಳಾಗಿದೆ. ಬೇರೆಯಾಗಿ ಕಳಿಸಿದ ಸಂದೇಶವನ್ನೂ ಅವನು ನೋಡುವುದು ಮನೆಗೆ ಬಂದ ಮೇಲೆಯೇ. ಪವಿತ್ರ ಗುಂಪಿಗೆ ಹಾಕಿದಳು, ಗೊತ್ತಿದ್ದ ನಾಲ್ವರಿಗೆ ಫೋನೂ ಮಾಡಿದಳು. ಆದರೆ ಪುಟ ನೋಡಿಕೊಂಡು ಹೊರಡುವವರು ಯಾರು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಕೆಡಿಸಿದವಳು ಅವಳೇ. ತಾರೀಕು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದನ್ನು ಮೂರು ಭಾಷೆಯಲ್ಲೂ ಮೇಲೆ ದೊಡ್ಡದಾಗಿ ತರೋಣವೆಂದು ನಿನ್ನೆ ಒಂದು ಹೊಸ ಪ್ಯಾಕೇಜು ಸೇರಿಸಲು ಹೋದಳು. ಯಾರೋ ಬರೆದಿಟ್ಟ ಇಂಥ ಸಿದ್ಧ ತುಣುಕುಗಳನ್ನು ತಂದು ಜೋಡಿಸುವ ಕೆಲಸ ಎನ್‌ಪಿಎಂ ಎಂಬುದರದು. ಅದು ಹೊಂದುವುದಿಲ್ಲ ಎಂದು ತಕರಾರು ತೆಗೆಯಿತು. ಹುಡುಕಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ತಂದಿಟ್ಟ ತುಣುಕುಗಳ ಫೋಲ್ಡರನ್ನೂ ಲಾಕ್ ಫೈಲನ್ನೂ ಅಳಿಸಿ, ಹೊಸದಾಗಿ ಹಾಕಿಕೊಳ್ಳಿ. ಅಳಿಸಿದಳು. ಇಲ್ಲಿಯ ನೆಟ್ಟಿನಲ್ಲಿ ಹೊಸದು ಇಳಿಯಲು ಇವತ್ತು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಹಿಡಿಯಿತು. ಇಳಿದ ಮೇಲೆ ಪುಟ ಕಟ್ಟಲು ಹೇಳಿದರೆ ಆಗದು ಎನ್ನುವ ಈ ಕೆಂಪು ಸಾಲು.

ನಾಲ್ಕು ಗಂಟೆಗೆ ಚಲಪತಿಗೆ ಟೀ ಬಿಡುವು. ಆಗ ಅವನೇ ಫೋನು ಮಾಡಿದ. ಪರದೆಯ ಫೋಟೊ ಕಳಿಸಿದ್ದಳು. ಅದು ಅರ್ಧ ಹೋಗಿ ನಿಂತಿತ್ತು. ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಏನಂತೈತೆ ಹೇಳು. ಕೆಂಪಿರೋದು ಮಾತ್ರ ಓದು."

"ಕ್ರಿಪ್ಟೋ ಡಾಟ್ ಹ್ಯಾಶ್ ಈಸ್ ನಾಟ್ ಎ ಫಂಕ್ಷನ್."

"ಕ್ರಿಪ್ಟೋನಾ? ಆನೆ ಪುಟಕ್ಕೆ ಅದ್ಯಾಕ್ ಬಂತು? ನೀನೇನಾದ್ರೂ ಕಾಯಿನ್ ಗೀಯಿನ್ ವ್ಯಾಪಾರಕ್ಕೆ ಇಳಿದಿದ್ದೀಯಾ?"

"ಚಲಪತಣ್ಣ, ತಮಾಷೆ ಆಮೇಲೆ ಮಾಡು."

ಅವನು ಒಂದೊಂದಾಗಿ ಹೇಳಿದ, ಅವಳು ಒಂದೊಂದಾಗಿ ಮಾಡಿದಳು. ಆ ಹೆಸರು ಯಾವ ಫೈಲಿನಲ್ಲಿದೆ ಹುಡುಕಿದರು. ಹೊಸ ತಾರೀಕಿನ ಪ್ಯಾಕೇಜನ್ನು ತೆಗೆದರು. ಮತ್ತೆ ಕಟ್ಟಿದರು. ಮತ್ತೆ ಅದೇ ಸಾಲು.

ಟೀ ಹೊತ್ತು ಮುಗಿಯಿತೆಂದು ಅತ್ತ ಕಡೆಯಿಂದ ಯಾರದೋ ತಮಿಳು ದನಿ ಕೇಳಿತು: "ಚಲಪತಿ, ಟೀ ಟೈಮ್ ಮುಡಿಞ್ಚಿ ಪೋಚ್ಚುಪ್ಪಾ!"

"ಕರೀತಾವ್ರೆ ಕಣಮ್ಮಿ. ಐದಕ್ಕೆ ಬಿಟ್ಟ ಕೂಡ್ಲೆ ಮಾಡ್ತೀನಿ. ಅಲ್ಲೀವರ್ಗೂ ಏನೂ ಅಳಿಸ್ಬೇಡ. ಇನ್ನೂ ಏನೇನ್ ಅಳಿಸಿದ್ದೀಯ?"

"ಕ್ಯಾಶ್ ಅಂತ ಒಂದು ಐತಲ್ಲ, ಅದನ್ನೂ ಅಳಿಸಿ ಅಂತ ಬರೆದವ್ರೆ. ಅದೊಂದು ಬಾಕಿ."

"ದೇವರೇ! ಕೈ ಕಟ್ಕೊಂಡು ಕೂತ್ಕೊ."

ಅವಳು ನಿಜವಾಗಿಯೂ ಕೈ ಕಟ್ಟಿಕೊಂಡೇ ಕೂತಳು. ಹೊರಗೆ ಜಗಲಿಯಲ್ಲಿ ಅವಳ ತಂದೆ ಅಶ್ವತ್ಥಪ್ಪನವರು ರಾಗಿ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಹೊಲಿಗೆಯ ದಾರ ಎಳೆಯುವ ಸದ್ದು ಬಿಟ್ಟರೆ ಮನೆ ಸುಮ್ಮನಿತ್ತು.

ಐದಕ್ಕೆ ಕುಮಾರೇಶನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಐದೂ ಐದಕ್ಕೆ ಇನ್ನೊಂದು ಸಲ. ಫೋನು ಚೀಲದೊಳಗೆ ಹಾಡುತ್ತಿರಬೇಕು, ಬೈಕು ಆಗಲೇ ಹೊಸೂರು ದಾಟುತ್ತಿರಬೇಕು. ಐದೂ ಹತ್ತಕ್ಕೆ ಚಲಪತಿ ಬಸ್ ಸ್ಟಾಪಿನಿಂದ ಫೋನು ಮಾಡಿದ. ಅವನ ಹಿಂದೆ ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಪವಿತ್ರ ಸ್ಪೀಕರು ಹಾಕಿ ಫೋನನ್ನು ಕೀಬೋರ್ಡಿನ ಪಕ್ಕ ಇಟ್ಟಳು.

"ಆಗ್ಲಿಲ್ಲ ಅಂದ್ರೆ ಐದೂವರೆಗೆ ಪುಟಾನೇ ತೆಗೆದ್ಬುಡೋಣ," ಎಂದ.

"ತೆಗೆದ್ರೆ ಇನ್ನೂ ಕಷ್ಟ. ನೆಟ್ ಇಲ್ಲ ಅಂದ್ಕೊಂಡು ಹೊರಟ್ಬುಡ್ತಾರೆ. ನಮ್ಮಣ್ಣ ಹಂಗೇ ಬತ್ತಾನೆ."

"ಸರಿ, ಹೊಸದಾಗಿ ಹಾಕ್ಕೊಳ್ಳೋವಾಗ ಏನೇನ್ ಬಂತು? ಮೇಲಕ್ ಹೋಗಿ ಓದು."

"ಮೇಲೆ ಎಚ್ಚರಿಕೆ ಹೇಳೋ ಹಳದಿ ಸಾಲುಗಳು ಅವೆ, ಅವು ಯಾವಾಗ್ಲೂ ಬರೋವೆ, ಬಿಟ್ಬುಡ್ತೀನಿ. ಆಮೇಲೆ ಇನ್ನೂರಾ ಹನ್ನೊಂದು ಪ್ಯಾಕೇಜು ಸೇರ್ಸಿದೆ ಅಂತೈತೆ. ಆಮೇಲೆ ಯಾರೋ ದುಡ್ಡು ಕೊಡಿ ಅಂತ ಕೇಳ್ತಾವ್ರೆ, ಅದು ಬೇಡ. ಆಮೇಲೆ..."

ಜಗಲಿಯಲ್ಲಿ ದಾರದ ಸದ್ದು ನಿಂತಿತು.

"ಇದ್ಯಾವ ಸೀಮೆ ಓದಮ್ಮಿ?" ಎಂದರು ಅಶ್ವತ್ಥಪ್ಪನವರು, ಕೂತಲ್ಲಿಂದಲೇ. "ಇದು ಬಿಟ್ಟೆ, ಅದು ಬೇಡ. ನೀನೇ ಬಿಟ್ಟು ಬಿಟ್ಟು ಓದಿದ್ರೆ ಅರ್ಥ ಹೇಳೋನು ಏನನ್ನ ಹೇಳ್ಬೇಕು, ಅವನ ತಲೇನಾ?"

ಊರಿನ ರಾಮಮಂದಿರದಲ್ಲಿ ಚಳಿಗಾಲದ ಶನಿವಾರಗಳಲ್ಲಿ ಭಾರತ ಓದುತ್ತಾರೆ. ಒಬ್ಬರು ಪದ್ಯ ಓದಬೇಕು, ಅಶ್ವತ್ಥಪ್ಪನವರು ಅರ್ಥ ಹೇಳಬೇಕು. ಪದ್ಯ ಕೊನೆ ಮುಟ್ಟುವ ತನಕ ಅರ್ಥ ಹೇಳುವವರು ಬಾಯಿ ತೆರೆಯುವಂತಿಲ್ಲ. ಓದುವವರು ಗೊತ್ತಿದ್ದ ಸಾಲೆಂದು ಒಂದನ್ನೂ ಹಾರಿಸುವಂತಿಲ್ಲ. ತೊಡಕು ಬಂದರೆ ನಡುವಿನಿಂದಲ್ಲ, ತಲೆಯಿಂದ ಮತ್ತೆ ಓದಬೇಕು. ಪವಿತ್ರ ಕಂಬಕ್ಕೊರಗಿ ಅದನ್ನು ಕೇಳುತ್ತಲೇ ಬೆಳೆದವಳು. ಚಲಪತಿಯೂ ಚಡ್ಡಿ ಹಾಕುವ ವಯಸ್ಸಿನಿಂದ ಅಲ್ಲಿ ಕೂತು ಕೇಳಿದವನೇ.

ಫೋನಿನಲ್ಲಿ ಅವನು ನಕ್ಕ. "ಮಾವ ಹೇಳೋದು ಸರಿ ಕಣಮ್ಮಿ. ಕೆಂಪಿರೋದು ಮಾತ್ರ ಓದು ಅಂತ ನಾನೇ ಹೇಳ್ಬುಟ್ಟೆ. ಮೊದ್ಲಿಂದ ಓದು. ನಾನು ಬಾಯಿ ಬಿಡಲ್ಲ."

"ನಿನ್ ಬಾಯಿ ಮುಚ್ಚಿದ್ದನ್ನ ನಾನಂತೂ ನೋಡಿಲ್ಲ ಕಣ್ಲಾ," ಎಂದರು ಅಶ್ವತ್ಥಪ್ಪನವರು. ದಾರದ ಸದ್ದು ಮತ್ತೆ ಶುರುವಾಯಿತು.

ಪವಿತ್ರ ಪರದೆಯನ್ನು ತುದಿಯವರೆಗೆ ಮೇಲೆ ಸರಿಸಿದಳು. ಇಂಗ್ಲಿಷಿನ ಸಾಲುಗಳನ್ನು, ಅಂಕಿಗಳನ್ನು, ಚುಕ್ಕಿಗಳನ್ನು, ಒಂದನ್ನೂ ಬಿಡದೆ ಓದತೊಡಗಿದಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕೇಳಿ ಕೇಳಿ ಮೈಗೆ ಹತ್ತಿದ್ದರಿಂದ ದನಿ ತಾನಾಗಿಯೇ ಒಂದು ಹದಕ್ಕೆ ಬಂತು. ಅಡುಗೆಮನೆಯಲ್ಲಿದ್ದ ತಾಯಿ ಮುನಿಗಂಗಮ್ಮ ಏನಿದು ಎಂದು ಬಾಗಿಲಿಗೆ ಬಂದು ನಿಂತರು. ಮೂರನೆಯ ಹಳದಿ ಸಾಲು ಹೀಗಿತ್ತು: ಈ ಪ್ಯಾಕೇಜಿಗೆ ಬೇಕಾದ ನೋಡ್ ಇಪ್ಪತ್ತು ಅಥವಾ ಮೇಲೆ, ಇಲ್ಲಿ ಇರುವುದು ಹದಿನೆಂಟು. ಅವಳು ಅದನ್ನೂ ಓದಿ ಮುಂದೆ ಹೋದಳು. ಕೊನೆಯ ಸಾಲು ಮುಗಿಯುವವರೆಗೂ ಚಲಪತಿ ಮಾತಾಡಲಿಲ್ಲ. ಹಾರ್ನುಗಳು ಮಾತ್ರ ಕೇಳುತ್ತಿದ್ದವು.

"ಮುಗೀತಾ?"

"ಮುಗೀತು."

"ಮೂರನೇ ಹಳದಿ. ಅದೇ ಕಣಮ್ಮಿ. ನೋಡ್ ಅನ್ನೋದು ಎಲ್ಲಾನೂ ಓಡ್ಸೋ ಇಂಜಿನ್ನು. ನಿನ್ ಕಂಪ್ಯೂಟರು ಮುದಿ, ಅದಕ್ಕೆ ಹದಿನೆಂಟೇ ಕಡೇದು. ಹಳೇ ಪ್ಯಾಕೇಜುಗಳು ಹದಿನೆಂಟರಲ್ಲಿ ಓಡ್ತಿದ್ವು. ಯಾವ ಯಾವುದು ಎಷ್ಟನೇ ಆವೃತ್ತಿ ಅಂತ ಬರೆದಿಟ್ಟಿದ್ದು ಆ ಲಾಕ್ ಫೈಲು. ಅದನ್ನ ಅಳಿಸ್ದೆ ನೋಡು, ಹಿಡಿಯೋರಿಲ್ಲ ಅಂತ ಎಲ್ಲಾ ಹೊಸಾವು ಬಂದು ಕೂತ್ಕೊಂಡ್ವು. ಆ ಕ್ರಿಪ್ಟೋ ಡಾಟ್ ಹ್ಯಾಶ್ ಅನ್ನೋದು ಹದಿನೆಂಟರಲ್ಲಿ ಹುಟ್ಟೇ ಇಲ್ಲ."

"ಹಂಗಾದ್ರೆ ಹಳೇ ಲಾಕ್ ಫೈಲು ಬೇಕು. ಮೇಲೆ ಇಟ್ಟಿರೋ ಪ್ರತೀಲಿ ಇರ್ಬೇಕಲ್ಲ?"

ಚಲಪತಿ ಲೊಚಗುಟ್ಟಿದ.

"ಅದನ್ನ ಮೇಲಕ್ಕೆ ಕಳಿಸ್ಲೇ ಇಲ್ಲ ನಾನು. ಹತ್ತು ಸಾವಿರ ಸಾಲಿನ ಫೈಲು. ನಮ್ಮೂರ ನೆಟ್ಟಿಗೆ ಇದೊಂದು ಭಾರ ಬೇರೆ ಯಾಕೆ ಅಂತ ಹೊರಗಿಟ್ಬುಟ್ಟೆ. ಎಲ್ಲಾರೂ ಮೊದ್ಲು ಕಳಿಸೋದು ಅದನ್ನೇ. ತಪ್ಪು ನಂದು ಕಣಮ್ಮಿ."

ಗಡಿಯಾರ ಐದೂ ಇಪ್ಪತ್ತೆರಡು ತೋರಿಸುತ್ತಿತ್ತು.

"ಇರು," ಎಂದ ಚಲಪತಿ. "ಊರು ಬಿಡೋವಾಗ ನಿನ್ ಕೈಗೆ ಒಂದು ಪೆನ್‌ಡ್ರೈವು ಕೊಟ್ಟಿದ್ನಲ್ಲ? ತುಣುಕುಗಳ ಫೋಲ್ಡರ್ ಹಿಡಿಸ್ಲಿಲ್ಲ, ಮಿಕ್ಕಿದ್ದೆಲ್ಲಾ ಅದ್ರಲ್ಲಿ ಐತೆ."

ಪವಿತ್ರ ಮೇಜಿನ ಖಾನೆ ಎಳೆದಳು. ಕಪಾಟು ತೆಗೆದಳು. "ಅಮ್ಮ, ಚಿಕ್ಕ ಕರೀದು ಒಂದು ಇತ್ತಲ್ಲ, ಬೆರಳುದ್ದ?"

"ಚಲಪತಿ ಕೊಟ್ಟಿದ್ದಾ?" ಎಂದರು ಮುನಿಗಂಗಮ್ಮ. "ಆಯುಧ ಪೂಜೇಲಿ ಕುಡುಗೋಲು, ಕುಮಾರೇಶನ ಸ್ಪ್ಯಾನರು, ಅದು, ಎಲ್ಲಾ ಇಟ್ಟಿದ್ದೆ. ಮಿಕ್ಕಿದ್ದು ತಗೊಂಡೋದ್ರಿ. ಅದನ್ನ ಯಾರೂ ಕೇಳ್ಲಿಲ್ಲ. ದೇವರ ಮನೇಲೇ ಐತೆ."

ಒಳಗೆ ಹೋಗಿ ತಂದರು. ಕಣ್ಣಿಗೊತ್ತಿಕೊಂಡು ಕೊಟ್ಟರು. ಎರಡು ತಿಂಗಳ ಹಿಂದಿನ ಗಂಧ, ಕುಂಕುಮ ಅದರ ಬಾಯಿಗೆ ಒಣಗಿ ಮೆತ್ತಿತ್ತು. ಕಂಪ್ಯೂಟರಿಗೆ ಚುಚ್ಚಿದರೆ ಅದು ಗುರುತಿಸಲೇ ಇಲ್ಲ. ಪವಿತ್ರ ಪೊರಕೆಯ ಕಡ್ಡಿಯೊಂದನ್ನು ಮುರಿದು, ತುದಿಗೆ ಬಟ್ಟೆ ಸುತ್ತಿ, ಮೆಲ್ಲಗೆ ಕೆದಕಿ ಒರೆಸಿದಳು.

"ಜಾಸ್ತಿ ಉಜ್ಜಬೇಡ, ದೇವರ ಕುಂಕುಮ," ಎಂದರು ಮುನಿಗಂಗಮ್ಮ.

"ದೇವರು ಬ್ಯಾಡ ಅನ್ನಲ್ಲ ಬಿಡಮ್ಮ."

ಎರಡನೆಯ ಸಲ ಚುಚ್ಚಿದಾಗ ಫೋಲ್ಡರು ತೆರೆಯಿತು. ಲಾಕ್ ಫೈಲು ಇತ್ತು.

"ಅದನ್ನೂ, ಪ್ಯಾಕೇಜುಗಳ ಪಟ್ಟಿ ಇರೋ ಫೈಲನ್ನೂ, ಎರಡೂ ತಗೊ," ಎಂದ ಚಲಪತಿ. "ಒಂದು ತಗೊಂಡು ಒಂದು ಬಿಟ್ರೆ ಎರಡೂ ಜಗಳ ಆಡ್ತವೆ. ಹೊಸ ಫೋಲ್ಡರ್ ಪಕ್ಕಕ್ಕಿಡು. ಈಗ ಎನ್‌ಪಿಎಂ ಸಿಐ ಅಂತ ಹೊಡಿ. ಇನ್‌ಸ್ಟಾಲ್ ಅಲ್ಲ, ಸಿಐ. ಅದು ಬರೆದಿದ್ದನ್ನ ಬರೆದ ಹಾಗೇ ತರುತ್ತೆ, ತನ್ ಬುದ್ಧಿ ಓಡ್ಸಲ್ಲ. ಮುಂದೆ ಆಫ್‌ಲೈನ್ ಅಂತ ಸೇರ್ಸು."

"ನೆಟ್ ಇಲ್ದೆ ಎಲ್ಲಿಂದ ತರುತ್ತೆ?"

"ಅಳಿಸೋಕೆ ಹೊರಟಿದ್ಯಲ್ಲ ಕ್ಯಾಶು, ಅಲ್ಲಿಂದ. ಒಂದ್ಸಲ ತಂದಿದ್ದನ್ನೆಲ್ಲ ಅದು ಅಲ್ಲಿ ಜೋಪಾನವಾಗಿ ಇಟ್ಕೊಂಡಿರ್ತದೆ."

ಪವಿತ್ರ ಹೊಡೆದಳು. ಪರದೆಯಲ್ಲಿ ಒಂದು ಚಿಕ್ಕ ಗೆರೆ ಸುತ್ತತೊಡಗಿತು. ಒಂದು ನಿಮಿಷ ಆಯಿತು. ಮೂರು ಆಯಿತು. ಚಲಪತಿಯ ಬಸ್ಸು ಬಂತು, ಅವನು ಹತ್ತಲಿಲ್ಲ. ಬಸ್ಸು ಹೋದ ಸದ್ದು ಫೋನಿನಲ್ಲಿ ಕೇಳಿತು. ಅಶ್ವತ್ಥಪ್ಪನವರು ಚೀಲ ಬಿಟ್ಟು ಎದ್ದು ಬಂದು ಮಗಳ ಕುರ್ಚಿಯ ಹಿಂದೆ ನಿಂತರು. ಕುಮಾರೇಶ ಈಗ ಎಲ್ಲಿರಬಹುದೆಂದು ಮನೆಯ ಮೂವರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

ಐದೂ ನಲವತ್ತೊಂದಕ್ಕೆ ಗೆರೆ ನಿಂತಿತು. ಪವಿತ್ರ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿದಳು. ಹಳದಿ ಸಾಲು ಎರಡಿದ್ದವು. ಎರಡನ್ನೂ ಕೇಳಿಸಿಕೊಂಡು ಚಲಪತಿ, "ಅವು ಹಳೇ ಕೊರಗು, ಏನೂ ಆಗಲ್ಲ. ಕಟ್ಟು," ಎಂದ.

ಅಂಜನಪ್ಪ ಹೇಳಿದ್ದನ್ನು ಮೂರು ಭಾಷೆಯಲ್ಲೂ ಬರೆದು ಆಗಲೇ ಇಟ್ಟಿದ್ದಳು. ಪುಟ ಕಟ್ಟಿ ಮುಗಿಯಿತು. ಮೇಲಕ್ಕೆ ಹೋಯಿತು. ತನ್ನ ಫೋನಿನಲ್ಲಿ ತೆರೆದು ನೋಡಿದಳು. ಬಿಳಿ ಪರದೆ, ಬಿಳಿ ಪರದೆ, ಆಮೇಲೆ ಕೆಂಪು ಪಟ್ಟಿ: ತಳಿ ರಸ್ತೆ, ಬಿದಿರು ಮೆಳೆ, ಏಳು ಆನೆ, ಒಂದು ಮರಿ. ಗಂಟೆ ಐದೂ ನಲವತ್ತಾರು.

"ಬಂತು," ಎಂದಳು.

"ಬಂತಾ?" ಎಂದ ಚಲಪತಿ. "ನಾಳೆ ಮೊದಲ ಕೆಲಸ ಆ ಲಾಕ್ ಫೈಲು ಮೇಲಕ್ಕೆ ಕಳಿಸೋದು. ಅರ್ಧ ದಿನ ಹಿಡಿದ್ರೂ ಹಿಡೀಲಿ." ಮುಂದಿನ ಬಸ್ಸು ಬಂದಿರಬೇಕು, ಕರೆ ಕಡಿಯಿತು.

ಆಮೇಲಿನ ಹೊತ್ತು ಉದ್ದವಾಗಿತ್ತು. ಮುನಿಗಂಗಮ್ಮ ದೇವರ ಮುಂದೆ ದೀಪ ಹಚ್ಚಿ ಬಂದರು. ಅಶ್ವತ್ಥಪ್ಪನವರು ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡಿದರು. ಆ ರಸ್ತೆಯಲ್ಲಿ ಅಲ್ಲಿಂದ ಏನೂ ಕಾಣುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆರಕ್ಕೆ ಐದು ನಿಮಿಷ ಇರುವಾಗ ಪವಿತ್ರಳ ಫೋನು ಹಾಡಿತು.

"ಏನಮ್ಮಿ, ಏಳು ಅವಂತೆ?" ಕುಮಾರೇಶನ ದನಿ. ಹಿಂದೆ ಲೋಟಗಳ ಸದ್ದು. "ಫೋನ್ ಬೇರೆ ಮಾಡಿದ್ದೆ?"

"ಎಲ್ಲಿದ್ದೀಯ?"

"ತಳೀಲಿ. ಇಲ್ಲೇ ಆರು ಬೈಕು ನಿಂತವೆ. ಒಬ್ಬ ಹಸಿರು ಐತೆ ಅಂತ ಹೊರಟಿದ್ದ, ಇನ್ನೊಬ್ಬನ ಫೋನಲ್ಲಿ ಕೆಂಪು. ಇಬ್ರೂ ಜಗಳ ಹತ್ಕೊಂಡ್ರು. ನಿಂದು ಹಳೇದು, ಮತ್ತೆ ತೆಗಿ ಅಂತ ನಾನೇ ಅಂದೆ. ತೆಗೆದ, ಅವನದೂ ಕೆಂಪಾಯ್ತು. ಬೈಕ್ ಸ್ಟ್ಯಾಂಡ್ ಹಾಕಿ ಟೀ ಹೇಳ್ದ."

"ಅಲ್ಲೇ ಇರು. ಹೊರಡ್ಬೇಡ."

"ಹೊರಡೋರು ಯಾರು? ಅಪ್ಪನಿಗೆ ಹೇಳು, ಸುಮ್ನೆ ಬಾಗಿಲಲ್ಲಿ ನಿಲ್ಬೇಡ ಅಂತ."

ಪವಿತ್ರ ಹೇಳಿದಳು. ಅಶ್ವತ್ಥಪ್ಪನವರು, "ನಾನ್ಯಾಕ್ ನಿಲ್ಲಲಿ," ಎಂದು ಒಳಗೆ ಬಂದು ಕೂತರು.

ಆರೂ ಇಪ್ಪತ್ತಕ್ಕೆ ಅಂಜನಪ್ಪನ ಫೋನು ಬಂತು. ಅವನು ಪಿಸುಗುಟ್ಟುತ್ತಿದ್ದ. "ದಾಟ್ತಾ ಅವೆ ಕಣಮ್ಮಿ. ಎರಡು ಮುಂದೆ, ಮರಿ ನಡುವೆ. ಎಣಿಸ್ತಾ ಇವ್ನಿ, ಇರು." ಅವಳು ಕಾದಳು. ಅವನ ಉಸಿರು ಕೇಳುತ್ತಿತ್ತು. ಅದರಾಚೆ ಕೊಂಬೆಯೊಂದು ಮುರಿದ ಸದ್ದು. ಮುಂದೆ ಬಹಳ ಹೊತ್ತು ಏನೂ ಇಲ್ಲ.

"ಏಳು, ಮರಿ ಒಂದು. ಎಲ್ಲಾ ದಾಟಿದ್ವು. ಆಚೆ ಗುಡ್ಡದ ಕಡೆ ಹೋದ್ವು."

ಪವಿತ್ರ ಕೂತಲ್ಲೇ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು ಬರೆಯತೊಡಗಿದಳು, ಮೊದಲು ಕನ್ನಡದಲ್ಲಿ.