ಬೆರಳಿಡದ ಬಕಲ್ಲು

“ಉಚ್ಚೆ ಹೊಯ್ಯೋಕೂ ಎಸಿ ಬೇಕೇನೋ ನಿಂಗೆ, ಬೋಳಿಮಗನೆ?”

ಹದಿನಾಲ್ಕು ಮಹಡಿಯ ಮೇಲಿನ ತಾರಸಿಯಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆನಂದ್ ನಿಂತಿದ್ದ. ಕಟ್ಟಡ ಅವನ ಅಪ್ಪ ಮುನಿವೆಂಕಟಪ್ಪನದು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪು ದಾಟಿದರೆ ಸಿಗುವ ಈ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದರು. ಈಗ ಗಾಜು ಬೆಳೆದಿದೆ. ಆ ಗಾಜು ಒರೆಸುವ ಕಾಂಟ್ರಾಕ್ಟನ್ನೂ ಮಗ ಹೊರಗಿನವರಿಗೆ ಬಿಟ್ಟಿರಲಿಲ್ಲ.

ಹಗ್ಗದಲ್ಲಿ ಇಳಿದು ಗಾಜು ಒರೆಸುವ ಸುಗತ ಸೊಂಟದ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನು ಕೇಳಿದ್ದು ಇಷ್ಟೇ: ಒಂದು ಮಹಡಿ ಇಳಿದರೆ ಆಫೀಸಿನವರ ಟಾಯ್ಲೆಟ್ ಇದೆಯಲ್ಲ ಸಾರ್, ಹೋಗಿ ಬರಲಾ?

“ಕೆಳಗೆ ಬೇಸ್‌ಮೆಂಟಲ್ಲಿ ಡ್ರೈವರ್‌ಗಳ್ದು ಐತೆ, ಅಲ್ಲಿಗೆ ಹೋಗು. ನಮ್ ತಾತನ ಕಾಲ್ದಲ್ಲಿ ನಿಮ್ಮೋರು ಬಾವಿ ಕಟ್ಟೇನೂ ಹತ್ತುತಿರ್ಲಿಲ್ಲ. ಈಗ ನೋಡು, ಕಮೋಡ್ ಮೇಲೇ ಕುಂತ್ಕೋಬೇಕಂತೆ. ಏನ್ ಮೇಸ್ತ್ರಿ, ಸಿಂಹಾಸನ ಹಾಕ್ಸಾನಾ ಇವ್ನಿಗೆ?”

ಮೇಸ್ತ್ರಿ ಅಂಜನಮೂರ್ತಿ ನಕ್ಕ.

ನಗುವಂಥದ್ದೇನೂ ಇರಲಿಲ್ಲ. ಬಾವಿ ಕಟ್ಟೆ ಹತ್ತದವರಲ್ಲಿ ಅವನ ತಾತನೂ ಸೇರಿದ್ದ. ಆದರೆ ಆನಂದನ ಮಾತಿಗೆ ನಕ್ಕರೆ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಕಲಿತಿದ್ದ. ಸುಗತ ಒಂದು ಸಲ ಅವನ ಕಡೆ ನೋಡಿದ. ಇಬ್ಬರೂ ಲಿಂಗರಾಜಪುರದ ಒಂದೇ ಗಲ್ಲಿಯವರು. ಸುಗತನನ್ನು ಈ ಕೆಲಸಕ್ಕೆ ಕರೆತಂದವನೂ ಅಂಜನಮೂರ್ತಿಯೇ. ಸುಗತ ಸರ್ವಿಸ್ ಲಿಫ್ಟಿನ ಕಡೆ ನಡೆದ.

ಹಗ್ಗ ಕಟ್ಟಿಕೊಂಡು ಇಳಿಯುವವರ ಬೆಲ್ಟಿನ ಗುಣ ಹೀಗೆ. ಸೊಂಟದ ಪಟ್ಟಿಯನ್ನು ಬಕಲ್ಲಿನೊಳಗೆ ಒಮ್ಮೆ ತೂರಿಸಿದರೆ ಸಾಲದು. ತುದಿಯನ್ನು ಹಿಂದಕ್ಕೆ ಮಡಿಸಿ ಅದೇ ಬಕಲ್ಲಿನೊಳಗೆ ಇನ್ನೊಮ್ಮೆ ಎಳೆಯಬೇಕು. ಆಗ ಕಚ್ಚಿ ಹಿಡಿಯುತ್ತದೆ. ಒಂದೇ ಸಲ ತೂರಿಸಿದ್ದೂ ಬಿಗಿಯಾಗಿಯೇ ಕಾಣುತ್ತದೆ, ಬಿಗಿಯಾಗಿಯೇ ಇರುತ್ತದೆ, ಸ್ವಲ್ಪ ಹೊತ್ತು. ಆ ಎರಡನೇ ಸುತ್ತಿಗೆ ಇವರು ಇಟ್ಟುಕೊಂಡ ಹೆಸರು ‘ವಾಪಸ್’. ಗೋಡೆ ದಾಟುವ ಮೊದಲು ಮೇಸ್ತ್ರಿ ‘ವಾಪಸ್ಸಾ?’ ಎಂದು ಕೇಳಬೇಕು, ಇಳಿಯುವವನು ‘ವಾಪಸ್’ ಅನ್ನಬೇಕು, ಆಮೇಲೆ ಮೇಸ್ತ್ರಿ ಬಕಲ್ಲಿನ ಮೇಲೆ ಹೆಬ್ಬೆರಳಿಟ್ಟು ನೋಡಬೇಕು. ಬಾಯಿಗೊಂದು, ಬೆರಳಿಗೊಂದು. ಈ ಪದ್ಧತಿ ತಂದವನು ಅಂಜನಮೂರ್ತಿ. ತಾನೇ ಕಚ್ಚಿಕೊಳ್ಳುವ ಹೊಸ ಬಕಲ್ಲಿನ ಬೆಲ್ಟುಗಳು ಬಂದಿವೆ, ತರಿಸಿ ಸಾರ್ ಎಂದು ಆನಂದನನ್ನು ಎರಡು ಸಲ ಕೇಳಿದ್ದ.

“ನಿಮ್ಮಪ್ಪ ತೆಂಗಿನ್ಮರ ಹತ್ತುವಾಗ ಯಾವ ಬಕಲ್ ಹಾಕ್ಕೊಂಡಿದ್ನೋ?” ಎಂದಿದ್ದ ಆನಂದ್. ಆಗಲೂ ಅಂಜನಮೂರ್ತಿ ನಕ್ಕಿದ್ದ.

ಸುಗತ ಮರಳುವಾಗ ಇಪ್ಪತ್ತು ನಿಮಿಷವಾಗಿತ್ತು. ಲಿಫ್ಟಿನಲ್ಲಿ ಯಾವುದೋ ಕಂಪನಿಯ ಮೇಜು ಕುರ್ಚಿ ಸಾಗಿಸುತ್ತಿದ್ದರಂತೆ. ಮೆಟ್ಟಿಲು ಹತ್ತಿ ಓಡಿಬಂದಿದ್ದ, ಏದುಸಿರು ಬಿಡುತ್ತಿದ್ದ. ಆನಂದ್ ಪದೇ ಪದೇ ವಾಚು ನೋಡಿಕೊಳ್ಳುತ್ತಿದ್ದ. ಅಂಜನಮೂರ್ತಿ ಹಗ್ಗದ ಗಂಟಿನ ಮೇಲೆ ಬಗ್ಗಿದ್ದ. ನೋಡುವ ಅಗತ್ಯವೇ ಇಲ್ಲದ ಗಂಟು, ಬೆಳಗ್ಗೆಯೇ ನೋಡಿಯಾಗಿತ್ತು. ಸುಗತನ ಮುಖ ನೋಡಲಾರದೆ ಬಗ್ಗಿದ್ದ.

“ವಾಪಸ್ಸಾ?” ಎಂದು ನೆಲ ನೋಡುತ್ತ ಕೇಳಿದ.

“ವಾಪಸ್ ಅಣ್ಣ,” ಎಂದ ಸುಗತ.

ಕೆಳಗೆ ಹೋದವನು ವಾಪಸ್ ಬಂದೆ ಅಂದಿದ್ದ. ಇವನು ಪಟ್ಟಿ ವಾಪಸ್ ಎಳೆದಿದ್ದಾನೆ ಅಂದುಕೊಂಡ. ಬೆರಳಿಡಬೇಕಾದರೆ ಎದ್ದು ಅವನೆದುರು ನಿಲ್ಲಬೇಕಿತ್ತು, ಮುಖಕ್ಕೆ ಮುಖ ಕೊಟ್ಟು. ಏಳಲಿಲ್ಲ.

“ಹೂಂ, ಇಳಿ,” ಎಂದ.

ಪಟ್ಟಿ ಹನ್ನೊಂದು ಮಹಡಿ ಹಿಡಿದಿತ್ತು. ಸೋಪಿನ ನೀರು ಸೊಂಟಕ್ಕಿಳಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತ, ಮೂರನೇ ಮಹಡಿಯ ಹತ್ತಿರ ಬಿಟ್ಟಿತು. ಹಗ್ಗ ಎರಡಿದ್ದವು. ಎರಡೂ ಗಟ್ಟಿಯಾಗಿದ್ದವು. ಎರಡೂ ಬಂದು ಸೇರುತ್ತಿದ್ದದ್ದು ಒಂದೇ ಬೆಲ್ಟಿಗೆ. ಸುಗತನ ಹಿಂದೆಯೇ ತಾರಸಿಯಿಂದ ಪಕ್ಕದ ಹಗ್ಗದಲ್ಲಿ ಇಳಿದಿದ್ದ ಅಕ್ತರ್ ಕೂಗಿಕೊಂಡದ್ದು ತಾರಸಿಯವರೆಗೆ ಕೇಳಿಸಿತು. ಅಂಜನಮೂರ್ತಿ ಬಗ್ಗಿ ನೋಡಿದಾಗ ಹಗ್ಗದ ತುದಿಯಲ್ಲಿ ಬಾಯ್ದೆರೆದ ಬೆಲ್ಟು ಗಾಜಿಗೆ ತಾಗುತ್ತ ತೂಗುತ್ತಿತ್ತು.

*

ಶಿವಾಜಿನಗರದ ಆಸ್ಪತ್ರೆಯಲ್ಲಿ ಸುಗತನಿಗೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೂತ್ರಕ್ಕೆ ನಳಿಗೆ ಹಾಕಿ, ಮಂಚದ ಪಕ್ಕ ಚೀಲ ತೂಗುಬಿಟ್ಟಿದ್ದರು.

“ನೋಡಣ್ಣ, ಇನ್ನು ಯಾರ್ನೂ ಕೇಳಂಗಿಲ್ಲ. ಮಲಗಿದ್ ಕಡೇನೇ ಆಗೋಗತ್ತೆ,” ಎಂದ ಸುಗತ.

ಅಂಜನಮೂರ್ತಿಗೆ ನಗು ಬರಲಿಲ್ಲ.

“ನಂದೇ ತಪ್ಪಣ್ಣ. ಕೆಳಗೆ ಬಿಚ್ಚಿದ್ದೆ. ಬೀಳ್ದೇ ಇರ್ಲಿ ಅಂತ ಒಂದೇ ಸುತ್ತು ತೂರಿಸ್ಕೊಂಡ್ ಓಡ್ಬಂದೆ, ಮೇಲ್ ಬಂದು ಸರಿಯಾಗಿ ಹಾಕ್ಕೊಳಾಣ ಅಂತ. ಆಮೇಲ್ ಹಾಕ್ಕೊಂಡ್ನಾ ಇಲ್ವಾ, ಮೇಲ್ ಬಂದ್ಮೇಲಿಂದು ಒಂದೂ ಗ್ಯಾನಾನೇ ಇಲ್ಲ. ನೀನ್ ಬೆರಳಿಟ್ಟಾಗ ಹೆಂಗಿತ್ತು?”

ಸುಗತನ ಹೆಂಡತಿ ಭಾಗ್ಯಲಕ್ಷ್ಮಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. “ಹೆಂಗಿತ್ತು ಅಂತ ಕೇಳ್ತಾನೆ ನೋಡು. ಭಾವ ಬೆರಳಿಡ್ದೆ ಯಾರ್ನಾದ್ರೂ ಇಳಿಸ್ತಾರಾ? ಅವ್ರು ನೋಡಿದ್ಮೇಲೆ ನೀನೇ ಏನೋ ಎಳೆದಿರ್ತೀಯ, ಕೈ ಸುಮ್ನಿರಲ್ಲ ನಿಂಗೆ. ಅಲ್ವಾ ಭಾವ? ನೋಡಿದ್ರಿ ತಾನೆ?”

“ನೋಡಿದ್ದೆ ಕಣಮ್ಮ,” ಎಂದ ಅಂಜನಮೂರ್ತಿ.

ಅವಳು ಅವನಿಗೂ ಒಂದು ಲೋಟ ಟೀ ಬಗ್ಗಿಸಿದಳು. ಕೊನೇ ಗುಟುಕಿನವರೆಗೂ ಕುಡಿದ. ಅವಳು ಗಂಡನನ್ನು ಇನ್ನೂ ಬಯ್ಯುತ್ತಲೇ ಇದ್ದಳು, ಒದ್ದೆ ಬಟ್ಟೆಯಲ್ಲಿ ಅವನ ಕತ್ತು ಒರೆಸುತ್ತ. ಸುಗತ ಹೂಂ ಹೂಂ ಎಂದು ಒಪ್ಪಿಕೊಳ್ಳುತ್ತಿದ್ದ.

ಹೊರಗೆ ವರಾಂಡದಲ್ಲಿ ಅಕ್ತರ್ ಕಾಯುತ್ತಿದ್ದ. ಹತ್ತಿರ ಬಂದು ಮೆಲ್ಲಗೆ ಹೇಳಿದ: “ಮೇಸ್ತ್ರಿ, ಆವತ್ತು ನೀವು ಬಗ್ಗೇ ಇದ್ರಿ. ನಾನ್ ನೋಡ್ದೆ. ಅಲ್ಲಾ ಕಸಮ್, ಯಾರ್ಗೂ ಹೇಳಲ್ಲ. ನೀವೂ ಮನ್ಷಾನೇ ಅಲ್ವಾ.”

ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

*

ತನ್ನ ಆಫೀಸು ಕೋಣೆಯಲ್ಲಿ ಆನಂದ್ ಅಪಘಾತದ ಹೇಳಿಕೆಯ ಕಾಗದವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿಟ್ಟಿದ್ದ. ಕನ್ನಡದಲ್ಲಿ ಅರ್ಥ ಹೇಳಿದ. ಮೇಸ್ತ್ರಿ ಬಕಲ್ಲು ಪರೀಕ್ಷಿಸಿದ್ದಾನೆ, ಸರಿಯಿತ್ತು. ಆಮೇಲೆ ಕೆಲಸಗಾರ ತನ್ನಿಷ್ಟಕ್ಕೆ ಸಡಿಲ ಮಾಡಿಕೊಂಡಿದ್ದಾನೆ. ಕುಡಿದಿದ್ದ ಎಂಬ ಅನುಮಾನವಿದೆ.

“ಅವ್ನು ಕುಡೀತಿರ್ಲಿಲ್ಲ ಸಾರ್.”

“ಅನುಮಾನ ಅಂತ ತಾನೆ ಬರ್ಸಿರೋದು? ಅನುಮಾನ ನನ್ಗೈತೆ, ನಿನ್ಗ್ಯಾಕೆ ಉರಿ? ನಾಳೆ ಲೇಬರ್ ಆಫೀಸ್ನೋರು ಬರ್ತಾರೆ. ಅವ್ನ್ ಹೆಂಡ್ತೀನೂ ಬರ್ತಾಳೆ, ಸೈನ್ ಹಾಕಿ ಹೋಗ್ಲಿ. ನೀನ್ ಬೆರಳಿಟ್ಟಿಲ್ಲ ಅಂತ ಬಾಯ್ಬಿಟ್ರೆ ಜೈಲಿಗೆ ಹೋಗೋನು ನಾನಲ್ಲ ಕಣ್ಲಾ, ನೀನು.”

ಅಂದರೆ ಆನಂದನಿಗೂ ಗೊತ್ತಿತ್ತು. ಅಲ್ಲೇ ವಾಚು ನೋಡುತ್ತ ನಿಂತಿದ್ದವನಲ್ಲವೇ. ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಕೂರದ ಇಬ್ಬರಿಗೂ ಈಗ ಒಂದೇ ಗುಟ್ಟು.

ಮೇಜಿನ ಮೇಲೆ ಆರು ಹೊಸ ಬೆಲ್ಟುಗಳಿದ್ದವು, ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿ. ಅಧಿಕಾರಿಗೆ ತೋರಿಸಲು ತರಿಸಿದ್ದು. ಆನಂದ್ ಒಂದನ್ನು ಹೊರತೆಗೆದು, ಮಾತಾಡುತ್ತಲೇ ಬಕಲ್ಲು ಹಾಕುತ್ತ ಬಿಚ್ಚುತ್ತ ಇದ್ದ. ಕೈ ಬಿಟ್ಟರೂ ತಾನೇ ಕಚ್ಚಿಕೊಳ್ಳುವ ಬಕಲ್ಲು.

ಮರುದಿನ ಅದೇ ಕೋಣೆಯಲ್ಲಿ ಅಧಿಕಾರಿ ಕುರ್ಚಿಯಲ್ಲಿ ಕೂತಿದ್ದರು. ಆನಂದ್ ಎದುರಿಗಿದ್ದ. ಭಾಗ್ಯಲಕ್ಷ್ಮಿ ಗೋಡೆಗೊರಗಿ ನಿಂತಿದ್ದಳು. ಕುರ್ಚಿ ಇನ್ನೆರಡಿದ್ದವು, ಕೂರು ಅಂದವರಿಲ್ಲ.

“ನೀವೇನಾ ಮೇಸ್ತ್ರಿ? ಬಕಲ್ ಚೆಕ್ ಮಾಡಿದ್ರಾ?”

“ಇಲ್ಲ ಸಾರ್.”

ಆನಂದ್ ತಲೆಯೆತ್ತಿದ.

“ಬಾಯಲ್ಲಿ ಕೇಳ್ದೆ. ಬೆರಳಿಡ್ಲಿಲ್ಲ. ಅವ್ನ್ ಮುಖ ನೋಡೋಕಾಗ್ದೆ ಬಗ್ಗಿ ಕೂತಿದ್ದೆ.”

ಅಧಿಕಾರಿಯ ಪೆನ್ನು ಚುರುಕಾಗಿ ಓಡಿತು. ಗೋಡೆಯ ಕಡೆ ತಿರುಗುವ ಧೈರ್ಯ ಅಂಜನಮೂರ್ತಿಗೆ ಇರಲಿಲ್ಲ.

“ಇನ್ನೂ ಐತೆ ಸಾರ್. ಮೇಲಿನ ಟಾಯ್ಲೆಟ್‌ಗೆ ಬಿಡ್ಲಿಲ್ಲ ಇವ್ರು. ಬಾವಿ ಕಟ್ಟೆ ಮಾತಾಡಿ ಬೇಸ್‌ಮೆಂಟ್‌ಗೆ ಕಳ್ಸಿದ್ರು. ಬಿಚ್ಚಿ ಕಟ್ಕೊಂಡು ಹದಿನಾಲ್ಕು ಮಹಡಿ ಓಡ್ಬಂದ್ರೆ ಮನ್ಷ ಮರೀತಾನೆ. ಮರೆತ್ರೂ ಹಿಡಿಯೋ ಬಕಲ್ ಕೇಳಿದ್ದೆ, ಎರಡು ಸಲ. ಈ ಮೇಜಿನ ಮೇಲಿರೋದನ್ನೇ. ಅದೂ ಬರ್ಕೊಳ್ಳಿ.”

ಪೆನ್ನು ಓಡಲಿಲ್ಲ.

“ಟಾಯ್ಲೆಟ್ ವಿಷಯ ಇದರಲ್ಲಿ ಬರಲ್ಲ,” ಎಂದರು ಅಧಿಕಾರಿ, ಸಮಾಧಾನವಾಗಿಯೇ. “ಅದಕ್ಕೆ ಕಾಲಮ್ ಇಲ್ಲ.”

“ಒಪ್ಕೊಂಡ್ನಲ್ಲ ಸಾರ್, ಇನ್ನೇನು,” ಎಂದ ಆನಂದ್.

ಅಧಿಕಾರಿ ಹಾಳೆ ಎತ್ತಿಕೊಳ್ಳಲು ಹೋದರು. ಅಂಜನಮೂರ್ತಿ ಮುಂದೆ ಬಂದು ಅದರ ಮೇಲೆ ಅಂಗೈ ಊರಿದ. ಗಾಜು ಒರೆಸಿ ಒರೆಸಿ ಸೀಳಿದ ಕೈ.

“ಪೂರ್ತಿ ಬರೀರಿ ಸಾರ್.”

“ಕೈ ತೆಗೀಲೇ, ಬೇವರ್ಸಿ,” ಎಂದ ಆನಂದ್.

ತೆಗೆಯಲಿಲ್ಲ. ಹಿಂದೆ ಹೆಜ್ಜೆ ಸದ್ದಾಯಿತು. ಭಾಗ್ಯಲಕ್ಷ್ಮಿ ಬರುತ್ತಿದ್ದಾಳೆ, ಹೊಡೆಯುತ್ತಾಳೆ ಅಂದುಕೊಂಡ; ಹೊಡೆದರೆ ಸಾಕು ಅನ್ನಿಸಿತು. ಅವಳು ಹೊಡೆಯಲಿಲ್ಲ. ಮೇಜಿನ ಪಕ್ಕ, ಅವನಿಗೆ ತಾಗದಷ್ಟು ದೂರದಲ್ಲಿ ನಿಂತಳು.

“ಈಯಪ್ಪ ಹೇಳಿದ್ದೆಲ್ಲ ಬರ್ಕೊಳ್ಳಿ,” ಎಂದಳು ಅಧಿಕಾರಿಗೆ. “ಮೊದಲ್ನೇದೂ, ಆಮೇಲಿಂದೂ.”

ಅವಳ ಬಾಯಲ್ಲಿ ಭಾವ ಹೋಗಿ ಈಯಪ್ಪ ಆಗಿತ್ತು. ಅವನ ಕಡೆ ತಿರುಗದೆಯೇ, ಅವನಿಗಷ್ಟೇ ಕೇಳುವ ಹಾಗೆ ಅಂದಳು: “ನಿಂದು ಆಮೇಲೈತೆ.”

ಅಂಗೈ ಬೆವರುತ್ತಿತ್ತು. ಅದರಡಿಯಲ್ಲಿ, ಅವನು ಒಪ್ಪಿಕೊಂಡ ಸಾಲಿನ ಶಾಯಿ ಕದಡುತ್ತಿದ್ದಿರಬೇಕು. ಅಧಿಕಾರಿ ಪೆನ್ನು ಮುಚ್ಚಿ ಎದ್ದುಹೋಗಲು ಅದರ ಮುಚ್ಚಳಕ್ಕಾಗಿ ಮೇಜೆಲ್ಲ ತಡಕಾಡುತ್ತಿದ್ದರು. ಫೈಲು ಎತ್ತಿ ನೋಡಿದರು, ಬೆಲ್ಟಿನ ಕವರು ಸರಿಸಿ ನೋಡಿದರು.

ಮುಚ್ಚಳ ಭಾಗ್ಯಲಕ್ಷ್ಮಿಯ ಮುಷ್ಟಿಯೊಳಗಿತ್ತು.